ಡಾಂಬರಿಗಿಂತ ಮೊದಲು ಪೈಪು

ಮಳೆ ಜೋರಾದ ಕೂಡಲೇ ಬೆಂಗಳೂರಿನಲ್ಲಿ ಗುಂಡಿ ಮುಚ್ಚಲು ಗಡುವಿನ ಮೇಲೆ ಗಡುವು ಬೀಳುತ್ತದೆ. ಗುಂಡಿ ಎಲ್ಲರ ಕಣ್ಣಿಗೂ ಬೀಳುವುದರಿಂದ ದುರಸ್ತಿಯ ಹಣವೂ ಅತ್ತಲೇ ಹರಿಯುತ್ತದೆ. ಆದರೆ ಯಾವುದನ್ನು ಮೊದಲು ರಿಪೇರಿ ಮಾಡಬೇಕೆಂದು ತೀರ್ಮಾನಿಸಬೇಕಾದದ್ದು ದೂರುಗಳ ರಾಶಿ ನೋಡಿ ಅಲ್ಲ. ಒಂದು ವ್ಯವಸ್ಥೆ ಕೆಟ್ಟರೆ ಎಷ್ಟು ಜನರಿಗೆ ಹಾನಿ, ಜೊತೆಗೆ ಇನ್ನೇನೆಲ್ಲ ಕೆಡುತ್ತದೆ ಎಂಬುದನ್ನು ನೋಡಿ. ಹಾಗೆ ನೋಡಿದರೆ ರಸ್ತೆಯಡಿಯ ನೀರಿನ ಪೈಪು ಮತ್ತು ಒಳಚರಂಡಿಗೆ ಮೊದಲ ಸ್ಥಾನ ಸಿಗಬೇಕು.

ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ಹತ್ತಿರ ಹತ್ತಿರ 500 ಮೀಟರ್ ಎತ್ತರಕ್ಕೆ ಏರಿ ನಗರ ಸೇರುತ್ತದೆ. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಕಾವೇರಿ ಯೋಜನೆಯ ಐದನೇ ಹಂತದಿಂದ ದಿನಕ್ಕೆ 775 ದಶಲಕ್ಷ ಲೀಟರ್ ಸೇರಿ, ಒಟ್ಟು ಪೂರೈಕೆಯ ಸಾಮರ್ಥ್ಯ ಸುಮಾರು 2,225 ದಶಲಕ್ಷ ಲೀಟರಿಗೆ ಏರಿದೆ. ಇದರಲ್ಲಿ ಕಾಲು ಭಾಗ ಸೋರಿಕೆಗೂ ಅಕ್ರಮ ಸಂಪರ್ಕಕ್ಕೂ ಹೋದರೂ 500 ದಶಲಕ್ಷ ಲೀಟರಿಗೂ ಹೆಚ್ಚು. ಅಂದರೆ ಅಷ್ಟು ಖರ್ಚು ಮಾಡಿ ತಂದ ಐದನೇ ಹಂತದ ಮೂರನೇ ಎರಡು ಭಾಗಕ್ಕಿಂತಲೂ ಹೆಚ್ಚು. ಹಣದ ನಷ್ಟಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಆರೋಗ್ಯದ ಪ್ರಶ್ನೆ. ನಮ್ಮಲ್ಲಿ ನಲ್ಲಿ ನೀರು ಬಿಟ್ಟು ಬಿಟ್ಟು ಬರುತ್ತದೆ. ನೀರು ನಿಂತಾಗ ಪೈಪಿನೊಳಗೆ ಒತ್ತಡ ಇಳಿಯುತ್ತದೆ, ಒಡೆದ ಜಾಯಿಂಟಿನ ಮೂಲಕ ಪಕ್ಕದ ಒಳಚರಂಡಿಯ ಕೊಳಚೆ ಒಳಸೇರುತ್ತದೆ. ಮರುದಿನ ಅದು ಬಿಂದಿಗೆಗೆ ಬರುತ್ತದೆ. ಅದೇ ಸೋರಿಕೆ ರಸ್ತೆಯ ಬುನಾದಿಯನ್ನೂ ಮೆತ್ತಗಾಗಿಸುತ್ತದೆ. ಜಲ್ಲಿ ಕದಲುತ್ತದೆ, ಮೇಲಿನ ಡಾಂಬರು ಕುಸಿಯುತ್ತದೆ. ಎಷ್ಟೋ ಕಡೆ ಗುಂಡಿ ರೋಗವಲ್ಲ, ರೋಗದ ಲಕ್ಷಣ.

ಗುಂಡಿಗೆ ಬಿದ್ದು ಬೈಕ್ ಸವಾರರು ಸಾಯುತ್ತಿರುವಾಗ ಪೈಪಿನ ಮಾತೇಕೆ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ಜೀವ ತೆಗೆಯುವ ಗುಂಡಿ ಇಂದೇ ಮುಚ್ಚಬೇಕು, ಅದಕ್ಕೆ ಸರದಿಯಿಲ್ಲ. ನನ್ನ ಆಕ್ಷೇಪ, ಅಡಿಯಲ್ಲಿ ಏನಿದೆಯೆಂದು ನೋಡದೆ ಇಡೀ ರಸ್ತೆಗೆ ಹೊಸ ಡಾಂಬರು ಹಾಸುವುದಕ್ಕೆ. ಹಾಸಿದ ಕೆಲವೇ ತಿಂಗಳಲ್ಲಿ ಪೈಪಿಗಾಗಿ ಅಗೆದರೆ ಎರಡು ಸಲದ ಖರ್ಚೂ ತೆರಿಗೆದಾರರದ್ದೇ. ಪೈಪು ಬದಲಿಸಲು ಸಮಯ ಹಿಡಿಯುತ್ತದೆ, ಜನ ಬೈಯುತ್ತಾರೆ ಎಂಬುದೂ ನಿಜ. ಆದರೆ ಎಲ್ಲ ಪೈಪನ್ನೂ ಒಮ್ಮೆಗೇ ಬದಲಿಸಬೇಕಿಲ್ಲ. ಪದೇ ಪದೇ ಒಡೆದದ್ದು, ಆಸ್ಪತ್ರೆಗೆ ನೀರು ಪೂರೈಸುವುದು, ಇಕ್ಕಟ್ಟಾದ ಬಡಾವಣೆಗಳಲ್ಲಿ ಚರಂಡಿಯ ಮಗ್ಗುಲಲ್ಲೇ ಹಾದುಹೋಗುವುದು ಮೊದಲಾಗಲಿ. ದೂರುಗಳನ್ನೇ ನಂಬಿದರೆ ಇಂಥ ಬಡಾವಣೆಗಳೇ ಕೊನೆಗುಳಿಯುತ್ತವೆ. ದೂರಿನ ಆ್ಯಪ್‌ನಲ್ಲಿ ಫೋಟೊ ಹಾಕಲು ಅಲ್ಲಿನವರಿಗೆ ಪುರುಸೊತ್ತಿಲ್ಲ.

ಈಗ ನಗರಕ್ಕೆ ಐದು ಪಾಲಿಕೆಗಳಾಗಿವೆ. ಅವು ಪ್ರತಿ ವಾರ್ಡಿನ ಪೈಪುಗಳ ವಯಸ್ಸು, ಒಡೆದ ಲೆಕ್ಕ ಜನರ ಮುಂದಿಡಲಿ. ಕೆಳಗಿನ ಪೈಪು, ಚರಂಡಿ ಸರಿಯಿದೆಯೆಂದು ಜಲಮಂಡಳಿ ಬರೆದುಕೊಡದೆ ಯಾವ ರಸ್ತೆಗೂ ಡಾಂಬರಿನ ಟೆಂಡರ್ ಕರೆಯಬಾರದು. ನಿಮ್ಮ ರಸ್ತೆಗೆ ಡಾಂಬರು ಬಂದಾಗ ಆ ಪತ್ರವನ್ನು ಕೇಳಿ.