ಮಗು ಓದಲು ತಡವರಿಸುತ್ತಿದೆಯಾ? ಟ್ಯೂಷನ್‌ಗೆ ದುಡ್ಡು ಕಟ್ಟುವ ಮೊದಲು ಈ 5 ನಿಮಿಷದ ಪರೀಕ್ಷೆ ಮಾಡಿ

‘ಅಂಗಡೀಲಿ ಕೂತ್ರೆ ಚಿಲ್ಲರೆ ಲೆಕ್ಕ ಪಟಪಟ ಹೇಳ್ತಾನೆ, ಪುಸ್ತಕ ಕೊಟ್ರೆ ಮಾತ್ರ ಬಾಯೇ ಬಿಡಲ್ಲ.’ ನಾಲ್ಕನೇ, ಐದನೇ ತರಗತಿ ಮಕ್ಕಳ ಬಗ್ಗೆ ಇಂಥ ಮಾತು ಯಾವ ಊರಿಗೂ ಹೊಸದಲ್ಲ. ಸೋಮಾರಿ, ದಡ್ಡ, ಮೊಬೈಲ್ ಹುಚ್ಚು ಅಂತ ಬೈದು ಸುಮ್ಮನಾಗ್ತೀವಿ. ಇಲ್ಲವೇ ಟ್ಯೂಷನ್‌ಗೆ ಸೇರಿಸ್ತೀವಿ. ಅಲ್ಲೂ ಅದೇ ನಾಲ್ಕನೇ ತರಗತಿ ಪಾಠ. ಎರಡನೇ ಮೆಟ್ಟಿಲಲ್ಲಿ ನಿಂತ ಮಗುವಿಗೆ ಐದನೇ ಮೆಟ್ಟಿಲಿಂದ ಕೈ ಚಾಚಿದರೆ ಸಿಗುತ್ತಾ?

ಇದು ಒಂದು ಮನೆಯ ಸಮಸ್ಯೆ ಅಲ್ಲ. ‘ಪ್ರಥಮ್’ ಸಂಸ್ಥೆ ಹಳ್ಳಿಗಳಲ್ಲಿ ನಡೆಸುವ ‘ಅಸರ್’ ಸಮೀಕ್ಷೆ ಪ್ರಕಾರ, ಗ್ರಾಮೀಣ ಭಾರತದ 3ನೇ ತರಗತಿ ಮಕ್ಕಳಲ್ಲಿ 2ನೇ ತರಗತಿ ಮಟ್ಟದ ಪಾಠ ಓದಬಲ್ಲವರು 2018ರಲ್ಲಿ ಶೇ 27.3 ಇದ್ದರು. ಕೋವಿಡ್ ನಂತರ 2022ರಲ್ಲಿ ಅದು ಶೇ 20.5ಕ್ಕೆ ಇಳಿಯಿತು. 2024ರಲ್ಲಿ ಮತ್ತೆ ಶೇ 27.1ಕ್ಕೆ ಬಂದಿದೆ. ಅಂದ್ರೆ ನಾಲ್ವರಲ್ಲಿ ಹೆಚ್ಚುಕಡಿಮೆ ಒಬ್ಬರು ಮಾತ್ರ.

4ನೇ ತರಗತಿ ನಂತರ ವಿಜ್ಞಾನ, ಸಮಾಜ, ಗಣಿತದ ಹೇಳಿಕೆ ಲೆಕ್ಕ ಎಲ್ಲವೂ ಓದಿನ ಮೇಲೇ ನಿಂತಿರುತ್ತೆ. ಓದು ಬಾರದ ಮಗು ಒಂದು ವಿಷಯದಲ್ಲಲ್ಲ, ಎಲ್ಲದರಲ್ಲೂ ಹಿಂದೆ ಬೀಳುತ್ತೆ. ಆಮೇಲೆ ಶಾಲೆಗೆ ಹೋಗೋಕೇ ಬೇಜಾರು.

ಕನ್ನಡ ಓದಲು ಯಾಕೆ ಟೈಮ್ ಬೇಕು?

ಇಂಗ್ಲಿಷ್‌ಗೆ 26 ಅಕ್ಷರ. ನಮ್ಮ ವರ್ಣಮಾಲೆಯಲ್ಲಿ 49. ಅಲ್ಲಿಗೇ ಮುಗಿಯಲ್ಲ. 34 ವ್ಯಂಜನಗಳಿಗೆ ‘ಕ’ದಿಂದ ‘ಕಃ’ವರೆಗೆ 15 ರೂಪದಂತೆ ಕಾಗುಣಿತ ಲೆಕ್ಕ ಹಾಕಿದ್ರೆ 510 ಆಗುತ್ತೆ. ಒತ್ತಕ್ಷರ ಬೇರೆ. ದ-ಧ, ಬ-ಭ, ಪ-ಷ ನೋಡೋಕೆ ಒಂದೇ ಥರ. ‘ಸೂರ್ಯ’ದಲ್ಲಿ ಬಾಯಿಗೆ ಮೊದಲು ಬರುವ ‘ರ್’ ಬರಹದಲ್ಲಿ ಕೊನೆಗೆ ಬರುತ್ತೆ.

ಕನ್ನಡ ಕಲಿಯುವ ಮಕ್ಕಳ ಬಗ್ಗೆ ಸಂಶೋಧಕಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತೆ: ಅಕ್ಷರಗಳ ಮೇಲೆ ಪೂರ್ತಿ ಹಿಡಿತ ಬರಲು 3-4ನೇ ತರಗತಿವರೆಗೂ ಸಮಯ ಬೇಕು. ಹಾಗಾಗಿ ಎರಡನೇ ತರಗತಿ ಮಗು ತಡವರಿಸಿದರೆ ಗಾಬರಿ ಬೇಡ. ಹಾಗಂತ ‘ತಾನಾಗೇ ಬರುತ್ತೆ ಬಿಡಿ’ ಅಂತ ಸುಮ್ಮನಿರೋದೂ ತಪ್ಪು.

ಮೊದಲು ಮೆಟ್ಟಿಲು ಹುಡುಕಿ

ಅಸರ್ ಸಮೀಕ್ಷೆಯವರು ಬಳಸುವ ವಿಧಾನ ಮನೇಲೂ ಮಾಡಬಹುದು. ಒಂದು ಹಾಳೆಯಲ್ಲಿ ದಪ್ಪಕ್ಷರದಲ್ಲಿ ನಾಲ್ಕು ಭಾಗ ಬರೆಯಿರಿ:

1. ಬಿಡಿ ಅಕ್ಷರಗಳು, ಕ್ರಮ ತಪ್ಪಿಸಿ
2. ಸುಲಭ ಪದಗಳು
3. ನಾಲ್ಕು ಸಣ್ಣ ವಾಕ್ಯ (1ನೇ ತರಗತಿ ಮಟ್ಟ)
4. ಎಂಟ್ಹತ್ತು ವಾಕ್ಯದ ಕಥೆ (2ನೇ ತರಗತಿ ಮಟ್ಟ)

ಮೊದಲು ಮೂರನೆಯದನ್ನು ಕೊಡಿ. ಮೂರಕ್ಕಿಂತ ಹೆಚ್ಚು ತಪ್ಪಿಲ್ಲದೆ, ನಿಂತು ನಿಂತು ಓದದೆ ಮುಗಿಸಿದರೆ ಕಥೆ ಕೊಡಿ. ಇಲ್ಲದಿದ್ದರೆ ಪದಕ್ಕೆ ಇಳಿಯಿರಿ, ಅದೂ ಆಗದಿದ್ದರೆ ಅಕ್ಷರಕ್ಕೆ. ಐದು ಪದದಲ್ಲಿ ನಾಲ್ಕು, ಐದು ಅಕ್ಷರದಲ್ಲಿ ನಾಲ್ಕು ಸರಿ ಹೇಳಿದರೆ ಪಾಸ್. ಮಗು ನಿಂತ ಜಾಗದಿಂದಲೇ ಕೆಲಸ ಶುರು, ತರಗತಿ ಯಾವುದೇ ಇರಲಿ.

ದಿನಕ್ಕೆ 20 ನಿಮಿಷ, ಗಟ್ಟಿಯಾಗಿ

ಅಕ್ಷರದಲ್ಲಿ ನಿಂತಿದ್ದರೆ: ‘ಅ’ದಿಂದ ‘ಳ’ವರೆಗೆ ಬಾಯಿಪಾಠ ಮಾಡಿಸಬೇಡಿ. ಹಳೇ ಪಠ್ಯದ ‘ರ ಗ ಸ ದ ಅ’ ನೆನಪಿದೆಯಾ? ಐದೇ ಅಕ್ಷರದಲ್ಲಿ ಸರ, ದರ, ಅರಸ, ಅಗಸ, ಗರಗಸ ಓದಬಹುದು. ಕಲಿತ ಅಕ್ಷರ ಅವತ್ತೇ ಪದ ಆಗಬೇಕು.

ಕಾಗುಣಿತದಲ್ಲಿ ನಿಂತಿದ್ದರೆ: ರಾಗವಾಗಿ ‘ಕ ಕಾ ಕಿ ಕೀ’ ಹೇಳುವ ಮಗುವಿಗೆ ನೇರ ‘ಕೂ’ ತೋರಿಸಿ ನೋಡಿ, ಮತ್ತೆ ‘ಕ’ದಿಂದ ಶುರು ಮಾಡುತ್ತೆ. ಅದು ಹಾಡು, ಓದಲ್ಲ. ಬದಲಿಗೆ ಬಳೆ-ಬಾಳೆ-ಬೇಳೆ, ಕರಿ-ಕಿರಿ-ಕುರಿ ಅಂತ ಜೊತೆಗಿಟ್ಟು ಓದಿಸಿ. ಚಿಹ್ನೆ ಬದಲಾದರೆ ಅರ್ಥವೇ ಬದಲಾಗುತ್ತೆ ಅನ್ನೋದು ಕಣ್ಣಿಗೆ ಕಾಣಬೇಕು.

ಒತ್ತಕ್ಷರದಲ್ಲಿ ನಿಂತಿದ್ದರೆ: ಮೊದಲು ಅದೇ ಅಕ್ಷರದ ಒತ್ತು: ಅಕ್ಕಿ, ಬೆಲ್ಲ, ಉಪ್ಪು, ಬೆಣ್ಣೆ, ಸಕ್ಕರೆ. ಕಿರಾಣಿ ಅಂಗಡಿಯವರಿಗಂತೂ ಪಾಠ ಕಪಾಟಿನಲ್ಲೇ ಇದೆ! ಡಬ್ಬಿಗಳ ಮೇಲೆ ಚೀಟಿ ಅಂಟಿಸಿ, ಮಗುವಿನ ಕೈಲೇ ಹುಡುಕಿಸಿ. ಆಮೇಲೆ ಪುಸ್ತಕ, ಬಿಸ್ಕತ್ತು, ಸೂರ್ಯ.

ಓದ್ತಾರೆ ಆದ್ರೆ ತುಂಬಾ ನಿಧಾನ ಅಂದ್ರೆ: ನೀವು ಮೊದಲು ಓದಿ, ಆಮೇಲೆ ಇಬ್ಬರೂ ಒಟ್ಟಿಗೆ, ಕೊನೆಗೆ ಮಗು ಒಂದೇ. ಅದೇ ಭಾಗ ಮೂರ್ನಾಲ್ಕು ಸಲ. ಜೊತೆಗಿದ್ದು ತಿದ್ದುತ್ತಾ ಗಟ್ಟಿಯಾಗಿ ಮತ್ತೆ ಮತ್ತೆ ಓದಿಸಿದರೆ ವೇಗವೂ ಅರ್ಥಗ್ರಹಣವೂ ಸುಧಾರಿಸುತ್ತೆ ಎಂದು ಅಮೆರಿಕದ ರಾಷ್ಟ್ರೀಯ ಓದು ಸಮಿತಿ ನೂರಾರು ಅಧ್ಯಯನ ಪರಿಶೀಲಿಸಿ 2000ನೇ ಇಸವಿಯಲ್ಲೇ ಹೇಳಿದೆ.

ಮಗು ತಡೆದಾಗ ತಕ್ಷಣ ಹೇಳಿಕೊಡಬೇಡಿ, ಬೈಯಲೂ ಬೇಡಿ. ಐದು ಸೆಕೆಂಡ್ ಕಾಯಿರಿ, ಪದ ಒಡೆದು ತೋರಿಸಿ. ಓದಿದ ಮೇಲೆ ‘ಏನಾಯ್ತು ಕಥೇಲಿ?’ ಅಂತ ಒಂದು ಪ್ರಶ್ನೆ ಕೇಳಿ. ನಿಮಗೇ ಓದು ಬರದಿದ್ದರೆ ಅಕ್ಕ, ಅಣ್ಣ, ಪಕ್ಕದ ಮನೆ ಹೈಸ್ಕೂಲ್ ಹುಡುಗಿ ಯಾರಾದರೂ ಆದೀತು.

ಇದು ಕೆಲಸ ಮಾಡುತ್ತಾ?

ಮಾಡುತ್ತೆ ಅನ್ನೋಕೆ ನಮ್ಮ ದೇಶದಲ್ಲೇ ಪುರಾವೆ ಇದೆ. 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಪ್ರಥಮ್ ಜೊತೆ ಸೇರಿ ಹಲವು ರಾಜ್ಯಗಳಲ್ಲಿ ಪರೀಕ್ಷಿಸಿದ್ದು ಇದನ್ನೇ: ತರಗತಿ ಬಿಟ್ಟು, ಓದಿನ ಮಟ್ಟ ನೋಡಿ ಮಕ್ಕಳ ಗುಂಪು ಮಾಡಿ ಕಲಿಸುವುದು. ಉತ್ತರ ಪ್ರದೇಶದಲ್ಲಿ 2013-14ರಲ್ಲಿ ಒಟ್ಟು 50 ದಿನಗಳ ಶಿಬಿರ ನಡೆದ ಶಾಲೆಗಳ ಮಕ್ಕಳು ಉಳಿದ ಶಾಲೆಗಳಿಗಿಂತ ಓದಿನಲ್ಲಿ ಸ್ಪಷ್ಟವಾಗಿ ಮುಂದೆ ಹೋದರು. ನಮ್ಮ ಸರ್ಕಾರಿ ಶಾಲೆಗಳಲ್ಲಿ ‘ಓದು ಕರ್ನಾಟಕ’ ಬಂದಿದ್ದೂ ಇದೇ ದಾರಿಯಲ್ಲಿ.

ಆದರೂ ಬರದಿದ್ದರೆ?

ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಬೋರ್ಡೇ ಕಾಣದ ಮಗು ಓದೋದು ಹೇಗೆ? ಮನೇಲಿ ಉರ್ದು, ತೆಲುಗು, ತುಳು, ಲಂಬಾಣಿ ಮಾತಾಡುವ ಮಗುವಿಗೆ ಪದದ ಅರ್ಥವೇ ಗೊತ್ತಿಲ್ಲದಿರಬಹುದು; ಅಲ್ಲಿ ಮಾತು ಮೊದಲು, ಓದು ಆಮೇಲೆ.

ಕೆಲವು ತಿಂಗಳು ಬಿಡದೆ ಓದಿಸಿದರೂ ಅಕ್ಷರ ಮರೆಯುತ್ತಲೇ ಇದ್ದರೆ ಅದು ಡಿಸ್ಲೆಕ್ಸಿಯಾ ಇರಬಹುದು. ಇದು ಬುದ್ಧಿಯ ಕೊರತೆ ಅಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ. ಪ್ರಮಾಣಪತ್ರ ಇದ್ದರೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯದಂಥ ಸೌಲಭ್ಯ ಕೇಳಬಹುದು. ಪರೀಕ್ಷೆ ಮಗು ಕಲಿಯುವ ಭಾಷೆಯಲ್ಲೇ ಆಗಬೇಕು ಅನ್ನೋದನ್ನ ಮರೀಬೇಡಿ. ಮಾನೇಸರ್‌ನ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದ ‘ಡಾಲಿ’ ಪರೀಕ್ಷೆ ಕನ್ನಡದಲ್ಲೂ ಇದೆ.

ಎಲ್ಲಿ ಕೇಳಬೇಕು?

* ಮೊದಲು ತರಗತಿ ಶಿಕ್ಷಕರ ಹತ್ತಿರ. ನಿಮ್ಮ ನಾಲ್ಕು ಭಾಗದ ಹಾಳೆ ತೋರಿಸಿ ಮಾತಾಡಿ.
* ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರ (ಬಿಆರ್‌ಸಿ). ವಿಶೇಷ ಅಗತ್ಯವಿರುವ ಮಕ್ಕಳಿಗಾಗಿ ಬಿಐಇಆರ್‌ಟಿ ಶಿಕ್ಷಕರ ಹುದ್ದೆ ಇರುವುದು ಇಲ್ಲೇ.
* ಶಾಲೆಗೆ ಬರುವ ಆರ್‌ಬಿಎಸ್‌ಕೆ ವೈದ್ಯರ ತಂಡ. ಕಲಿಕಾ ತೊಂದರೆಯೂ ಅವರ ತಪಾಸಣೆ ಪಟ್ಟಿಯಲ್ಲಿದೆ.
* ಗ್ರಾಮ ಪಂಚಾಯಿತಿ ಗ್ರಂಥಾಲಯ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಯೋಜನೆಯಡಿ ಮಕ್ಕಳಿಗೆ ಸದಸ್ಯತ್ವ ಉಚಿತ.
* ಮೊಬೈಲ್ ಇದ್ದರೆ ಪ್ರಥಮ್ ಬುಕ್ಸ್‌ನ ‘ಸ್ಟೋರಿವೀವರ್’. ಮಟ್ಟಕ್ಕೆ ತಕ್ಕ ಕನ್ನಡ ಕಥೆಗಳು ಉಚಿತ.

ಹಾಳೆ ಬರೆಯೋಕೆ ಹತ್ತು ನಿಮಿಷ, ಪರೀಕ್ಷೆಗೆ ಐದು ನಿಮಿಷ. ಅಂಗಡಿ ಬಾಗಿಲು ಹಾಕಿದ ಮೇಲೆ ಇವತ್ತು ರಾತ್ರಿಯೇ ಕೂತು ನೋಡಿ. ತಿಂಗಳ ನಂತರ ಅದೇ ಹಾಳೆ ಮತ್ತೆ ಕೊಡಿ. ಮಗು ಒಂದು ಮೆಟ್ಟಿಲು ಹತ್ತಿದ್ದರೆ ದಾರಿ ಸರಿಯಿದೆ. ಹತ್ತಿಲ್ಲದಿದ್ದರೆ ತಡ ಮಾಡದೆ ಶಾಲೆಗೆ ಹೋಗಿ ಕೇಳಿ.