ಬಣ್ಣದ ಗನ್ ನಿಂತ ಮೇಲೆ

ಅಮೆರಿಕದ ಓಹಾಯೋ ರಾಜ್ಯದ ಟೊಲೆಡೊ ಊರಿನಲ್ಲಿ ಅಲೆನ್ ಡೆವಿಲ್‌ಬಿಸ್ ಎಂಬ ಗಂಟಲು ವೈದ್ಯರಿದ್ದರು. ರೋಗಿಯ ಗಂಟಲಿನ ಒಳಗೆ ಔಷಧ ಹಚ್ಚುವುದು ಸುಲಭವಲ್ಲ, ಕಡ್ಡಿ ತಾಗಿದೊಡನೆ ವಾಕರಿಕೆ ಬರುತ್ತದೆ. ಅದಕ್ಕೆ ಅವರು 1880ರ ದಶಕದಲ್ಲಿ ಒಂದು ಪುಟ್ಟ ಸಾಧನ ಮಾಡಿದರು. ರಬ್ಬರ್ ಬುರುಡೆ ಅದುಮಿದರೆ ಔಷಧ ಮಂಜಿನಂತೆ ಹೊರಬರುತ್ತಿತ್ತು. 1907ರಲ್ಲಿ ಅವರ ಮಗ ಥಾಮಸ್ ಅದೇ ಉಪಾಯವನ್ನು ಬಣ್ಣಕ್ಕೆ ಬಳಸಿದ. ಇವತ್ತು ಟಿಂಕರಿಂಗ್–ಪೇಂಟಿಂಗ್ ಗ್ಯಾರೇಜಿನ ಗೋಡೆಯ ಮೊಳೆಗೆ ನೇತುಹಾಕಿರುವ ಸ್ಪ್ರೇ ಗನ್ ಆ ವಂಶದ್ದು. ದ್ರವವನ್ನು ಗಂಟಲಿಗೆ ಇಳಿಯುವಷ್ಟು ನುಣ್ಣಗೆ ಒಡೆಯುವುದು ಅದರ ಹುಟ್ಟುಗುಣ.

ಗನ್ನಿನ ಕೆಲಸ ಹೀಗೆ. ಕಂಪ್ರೆಸರ್‌ನಿಂದ ಬಂದ ಗಾಳಿ ಮೂತಿಯ ಸುತ್ತ ರಭಸದಿಂದ ನುಗ್ಗಿ, ನಡುವಿನ ಸಣ್ಣ ತೂತಿನಿಂದ ಹೊರಬರುವ ಬಣ್ಣವನ್ನು ಹರಿದು ಹನಿ ಮಾಡುತ್ತದೆ. ದಪ್ಪ ಹನಿಗಳು ತಮ್ಮ ಭಾರಕ್ಕೆ ನೇರ ಹೋಗಿ ಬಾನೆಟ್ಟಿಗೋ ಬಾಗಿಲಿಗೋ ಅಂಟುತ್ತವೆ. ಹಗುರವಾದವು ತಗಡಿಗೆ ಬಡಿದು ಪಕ್ಕಕ್ಕೆ ತಿರುಗುವ ಗಾಳಿಯ ಜೊತೆ ತಾವೂ ತಿರುಗಿ ತೇಲುತ್ತವೆ. ಹಳೆಯ ನಮೂನೆಯ ಗನ್ನುಗಳಲ್ಲಿ ಬಣ್ಣದ ಅರ್ಧಕ್ಕಿಂತ ಹೆಚ್ಚು ಪಾಲು ಹೀಗೆ ಗಾಳಿಗೆ ಹೋಗುತ್ತದೆ. ಮೂತಿಯಲ್ಲಿ ಕಡಿಮೆ ಒತ್ತಡ, ಹೆಚ್ಚು ಗಾಳಿ ಬಳಸುವ ಎಚ್‌ವಿಎಲ್‌ಪಿ ಗನ್ನುಗಳಲ್ಲಿ ನಷ್ಟ ಕಡಿಮೆ, ಆದರೂ ಇಲ್ಲವೆಂದಲ್ಲ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. 10 ಮೈಕ್ರಾನಿಗಿಂತ ಚಿಕ್ಕ ಹನಿ ಮೂಗು ಗಂಟಲುಗಳನ್ನು ದಾಟಿ ಶ್ವಾಸನಾಳಗಳಿಗೆ ಇಳಿಯಬಲ್ಲದು, 5 ಮೈಕ್ರಾನಿಗಿಂತ ಚಿಕ್ಕದಾದರೆ ಇನ್ನೂ ಆಳಕ್ಕೆ.

ಆ ಹನಿಯೊಳಗೆ ಏನಿದೆ? ಗ್ಯಾರೇಜಿನ ಪಕ್ಕ ಹಾದುಹೋಗುವಾಗ ಮೂಗಿಗೆ ಅಡರುವುದು ಥಿನ್ನರ್. ಅದರಲ್ಲಿ ಟಾಲ್ಯೂಯಿನ್, ಕ್ಸೈಲೀನ್‌ನಂಥ ದ್ರಾವಕಗಳಿರುತ್ತವೆ. ತಲೆನೋವು, ತಲೆಸುತ್ತು, ಹೊಟ್ಟೆ ತೊಳಸುವುದು ಅವುಗಳ ಅಂದಂದಿನ ಕಾಟ. ವರ್ಷಗಟ್ಟಲೆ ಉಸಿರಾಡಿದರೆ ನೆನಪು, ಗಮನ, ನಿದ್ದೆ ಎಲ್ಲಕ್ಕೂ ಪೆಟ್ಟು. ಮೂಗು ಕೆಲವೇ ನಿಮಿಷಗಳಲ್ಲಿ ಆ ವಾಸನೆಗೆ ಒಗ್ಗಿಬಿಡುತ್ತದೆ, ಆದರೆ ಮೊದಲಿಗಾದರೂ ಎಚ್ಚರಿಸುತ್ತದೆ. ಅದರ ಜೊತೆಯಲ್ಲೇ ಇರುವ ಹಾರ್ಡನರ್ ಅಷ್ಟೂ ಮಾಡುವುದಿಲ್ಲ. ನನ್ನ ಭಯ ಇರುವುದು ಅದರ ಬಗ್ಗೆ.

ಕಾರಿಗೆ ಕನ್ನಡಿಯಂಥ ಹೊಳಪು ಕೊಡುವ ಕ್ಲಿಯರ್ ಕೋಟ್ ಸಾಮಾನ್ಯವಾಗಿ ಎರಡು ಡಬ್ಬಿಯ ಮಾಲು. ಪೇಂಟರು ಅಳತೆ ಗೆರೆ ಹಾಕಿದ ಕಪ್ಪಿನಲ್ಲಿ ನಾಲ್ಕು ಪಾಲು ಕ್ಲಿಯರ್‌ಗೆ ಒಂದು ಪಾಲು, ಇಲ್ಲವೇ ಎರಡಕ್ಕೆ ಒಂದು ಪಾಲು ಹಾರ್ಡನರ್ ಸುರಿದು ಕಲಕಿ ಗನ್ನಿಗೆ ತುಂಬುತ್ತಾನೆ. ಆ ಚಿಕ್ಕ ಡಬ್ಬಿಯಲ್ಲಿರುವುದು ಐಸೊಸಯನೇಟ್, ಹೆಚ್ಚಾಗಿ ಹೆಕ್ಸಾಮೆಥಿಲೀನ್ ಡೈಐಸೊಸಯನೇಟ್ ಮನೆತನದ್ದು. ಜರ್ಮನಿಯ ಒಟ್ಟೊ ಬೇಯರ್ 1937ರಲ್ಲಿ ಲೆವರ್‌ಕೂಸನ್‌ನಲ್ಲಿ ಕಂಡುಹಿಡಿದ ಪಾಲಿಯುರೆಥೇನ್ ರಸಾಯನ ಇದೇ. ಸಾರಜನಕ, ಇಂಗಾಲ, ಆಮ್ಲಜನಕ ಸಾಲಾಗಿ ನಿಂತ ಒಂದು ಪುಟ್ಟ ತುದಿ ಐಸೊಸಯನೇಟಿನಲ್ಲಿ ಇರುತ್ತದೆ. ಕ್ಲಿಯರ್‌ನಲ್ಲಿರುವ ರಾಳದ ಕಣ ಸಿಕ್ಕಿದೊಡನೆ ಅದಕ್ಕೆ ಬಿಗಿದುಕೊಳ್ಳುತ್ತದೆ. ಹೀಗೆ ಕಣಕ್ಕೆ ಕಣ ಬೆಸೆದು ಬಲೆಯಾದಾಗ ಬಿಸಿಲು, ಮಳೆ, ಪೆಟ್ರೋಲು ಯಾವುದಕ್ಕೂ ಜಗ್ಗದ ಪದರ ಸಿದ್ಧ. ಒಣಗಿ ಗಟ್ಟಿಯಾದ ಮೇಲೆ ಕಾರನ್ನು ಮುಟ್ಟಿದರೆ ಯಾವ ಅಪಾಯವೂ ಇಲ್ಲ. ಅಪಾಯ ಹೆಚ್ಚಾಗಿ ಹಸಿಯಾಗಿರುವಾಗ. ಆಗ ಆ ತುದಿ ರಾಳವನ್ನಷ್ಟೇ ಹುಡುಕುವುದಿಲ್ಲ, ಶ್ವಾಸನಾಳದ ಪ್ರೋಟೀನು ಸಿಕ್ಕರೂ ಹಾಗೆಯೇ ಬಿಗಿದುಕೊಳ್ಳುತ್ತದೆ.

ಐಸೊಸಯನೇಟ್ ಎಂದೊಡನೆ ನಮಗೆ ಭೋಪಾಲ್ ನೆನಪಾಗಬೇಕು. 1984ರ ಡಿಸೆಂಬರ್ 2ರ ರಾತ್ರಿ ಅಲ್ಲಿ ಸೋರಿದ್ದು ಮೀಥೈಲ್ ಐಸೊಸಯನೇಟ್. ಅದು ಸುಲಭವಾಗಿ ಆವಿಯಾಗಿ ಊರನ್ನೇ ಆವರಿಸಿತು. ಹಾರ್ಡನರ್‌ನಲ್ಲಿರುವುದು ಅದಲ್ಲ, ಭಾರವಾದ ಅಣು, ಡಬ್ಬಿಯ ಮುಚ್ಚಳ ತೆರೆದಿಟ್ಟರೂ ಅಷ್ಟಾಗಿ ಏಳದು. ಆದರೆ ಗನ್ ಅದನ್ನು ಹನಿಯಾಗಿಸಿ ಗಾಳಿಗೆ ಎತ್ತುತ್ತದೆ. ಆ ದುರಂತದ ನಂತರ 1987ರಲ್ಲಿ ನಮ್ಮ ಆಗಿನ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿಯಾಗಿ, ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಗೆ ಐಸೊಸಯನೇಟ್ ವಿಷಬಾಧೆಯೂ ಸೇರಿತು. ಮೂರು ನಾಲ್ಕು ಜನ ದುಡಿಯುವ ರಸ್ತೆಬದಿಯ ಗ್ಯಾರೇಜು ಮಾತ್ರ ಕಾರ್ಖಾನೆ ಎಂಬ ವ್ಯಾಖ್ಯೆಯೊಳಗೇ ಬರುವುದಿಲ್ಲ. ಹೆಚ್ಚು ಬಣ್ಣ ಹೊಡೆಯುವುದು ಅಲ್ಲೇ, ಹೇಳುವವರು ಕೇಳುವವರು ಇಲ್ಲದಿರುವುದೂ ಅಲ್ಲೇ.

ಐಸೊಸಯನೇಟ್ ತರುವ ಮುಖ್ಯ ಕಾಯಿಲೆ ಆಸ್ತಮಾ. ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಏನೂ ಆಗುವುದಿಲ್ಲ. ಅಷ್ಟರಲ್ಲಿ ದೇಹದ ರಕ್ಷಣಾ ವ್ಯವಸ್ಥೆ ಐಸೊಸಯನೇಟ್ ಅಂಟಿದ ತನ್ನದೇ ಪ್ರೋಟೀನನ್ನು ಪರಕೀಯವೆಂದು ಗುರುತಿಟ್ಟುಕೊಂಡಿರುತ್ತದೆ. ಆಮೇಲೆ ಅತಿ ಸ್ವಲ್ಪ ಮಂಜು ತಾಗಿದರೂ ಎದೆ ಬಿಗಿಯುತ್ತದೆ. ಚರ್ಮಕ್ಕೆ ಹಸಿ ಹಾರ್ಡನರ್ ಮೆತ್ತಿಕೊಳ್ಳುವುದರಿಂದಲೂ ಈ ಅಲರ್ಜಿ ಬೆಳೆಯಲು ದಾರಿಯಾಗುತ್ತದೆ, ಆದ್ದರಿಂದ ಕಲಕುವಾಗಲೇ ಕೈಗವಸು ಬೇಕು. ಬ್ರಿಟನ್ನಿನ ಔದ್ಯೋಗಿಕ ಆರೋಗ್ಯ ಮತ್ತು ಸುರಕ್ಷತಾ ಸಂಸ್ಥೆಯ ಪ್ರಕಾರ ಸಾಮಾನ್ಯ ಕೆಲಸಗಾರನಿಗಿಂತ ವಾಹನಕ್ಕೆ ಬಣ್ಣ ಹೊಡೆಯುವವನಿಗೆ ಆಸ್ತಮಾ ಬರುವ ಸಾಧ್ಯತೆ ಸುಮಾರು 80 ಪಟ್ಟು ಹೆಚ್ಚು. ಯುರೋಪಿಯನ್ ಒಕ್ಕೂಟದಲ್ಲಿ 2023ರ ಆಗಸ್ಟ್ 24ರಿಂದ, ಡೈಐಸೊಸಯನೇಟ್ ಶೇ 0.1ಕ್ಕಿಂತ ಹೆಚ್ಚಿರುವ ಮಾಲನ್ನು ವೃತ್ತಿಯಲ್ಲಿ ಬಳಸುವವರು ಮೊದಲು ತರಬೇತಿ ಪಡೆದಿರಲೇಬೇಕು.

ಬ್ರಿಟನ್ನಿನವರು ಗಮನಿಸಿದ ಇನ್ನೊಂದು ಸಂಗತಿ ನಮ್ಮ ಗ್ಯಾರೇಜುಗಳಿಗೂ ಹಾಗೇ ಅನ್ವಯಿಸುತ್ತದೆ. ಪೇಂಟರು ಕೊನೆಯ ಕೈ ಹೊಡೆದು ಗನ್ ನಿಲ್ಲಿಸುತ್ತಾನೆ. ಎಲ್ಲಾದರೂ ಬಣ್ಣ ಇಳಿದಿದೆಯೇ, ಕಿತ್ತಳೆ ಸಿಪ್ಪೆಯ ತರಿ ಬಂದಿದೆಯೇ ಎಂದು ನೋಡಬೇಕು. ಬಾಗಿ, ಟ್ಯೂಬ್‌ಲೈಟಿನ ಬೆಳಕು ಬಾಗಿಲ ಮೇಲೆ ಓರೆಯಾಗಿ ಬೀಳುವ ಹಾಗೆ ತಲೆ ಓಲಿಸಿ, ಮಾಸ್ಕನ್ನು ಗದ್ದಕ್ಕೆ ಜಾರಿಸುತ್ತಾನೆ. ಕಣ್ಣಿಗೆ ಗಾಳಿ ತಿಳಿಯಾಗಿಯೇ ಕಾಣುತ್ತದೆ. ಹೆಂಚಿನ ಮನೆಯ ಗವಾಕ್ಷಿಯಿಂದ ಬಿಸಿಲುಕೋಲು ಇಳಿದಾಗ ಮಾತ್ರ ಧೂಳು ಕಾಣುವ ಹಾಗೆ, ಆ ನುಣ್ಣನೆಯ ಮಂಜು ಮಾಮೂಲಿ ಬೆಳಕಿಗೆ ಕಾಣುವುದೇ ಇಲ್ಲ. ಗಾಳಿ ಎಳೆದು ಹೊರಹಾಕುವ ಒಳ್ಳೆಯ ಬೂತಿನಲ್ಲೂ ಅದು ತೊಲಗಲು ಕೆಲವು ನಿಮಿಷ ಬೇಕು, ಬರಿಯ ಕೋಣೆಯಾದರೆ 20 ನಿಮಿಷವೂ ಆದೀತು. ವಾಸನೆ ಗೊತ್ತಾಗುವ ಹೊತ್ತಿಗೆ ಗಾಳಿಯಲ್ಲಿ ಐಸೊಸಯನೇಟ್ ಸುರಕ್ಷಿತ ಮಿತಿಯನ್ನು ಎಷ್ಟೋ ದಾಟಿರುತ್ತದೆ.

ಮೂಗಿಗೆ ಕಟ್ಟಿದ ಒದ್ದೆ ಕರ್ಚೀಫು ಇಲ್ಲಿ ಏನನ್ನೂ ತಡೆಯದು. ಕೋವಿಡ್ ಕಾಲದ ಎನ್95 ಪುಟ್ಟಿ ಉಜ್ಜುವಾಗಿನ ಧೂಳಿಗೆ ಒಳ್ಳೆಯದು, ಥಿನ್ನರಿನ ಆವಿ ಅದರೊಳಗಿಂದ ಸಲೀಸಾಗಿ ಹೋಗುತ್ತದೆ. ಇದ್ದಿಲಿನ ಕಾರ್ಟ್ರಿಜ್ ಮಾಸ್ಕು ಅದಕ್ಕಿಂತ ಎಷ್ಟೋ ಮೇಲು. ಆದರೆ ಇದ್ದಿಲು ತುಂಬಿಹೋದಾಗ ಥಿನ್ನರಿನಂತೆ ಐಸೊಸಯನೇಟ್ ವಾಸನೆ ಕೊಟ್ಟು ತಿಳಿಸುವುದಿಲ್ಲ. ಸರಿಯಾದ ದಾರಿ ಹೊರಗಿನ ಶುದ್ಧ ಗಾಳಿಯನ್ನು ಪೈಪಿನಲ್ಲಿ ಮುಖವಾಡಕ್ಕೆ ಕೊಡುವುದು. ಗನ್ನಿಗೆ ಕಂಪ್ರೆಸರ್ ಇದ್ದೇ ಇದೆ. ಉಸಿರಾಟಕ್ಕೆ ತಕ್ಕ ಫಿಲ್ಟರು ಹಾಕಿ, ಗಾಳಿಯ ಗುಣಮಟ್ಟ ಪರೀಕ್ಷಿಸಿ ಬಳಸುವ ವ್ಯವಸ್ಥೆಗೆ ಹಣ ಖರ್ಚಾಗುತ್ತದೆ. ಆ ಖರ್ಚು ಮಾಲೀಕನದು, ಬಿಲ್ಲಿನಲ್ಲಿ ಅದರ ಪಾಲನ್ನು ಕಾರಿನವರಾದ ನಾವೂ ಕೊಡಬೇಕು.

ಟಿಂಕರಿಂಗ್ ವಿಭಾಗದ ಕಾಟ ಬೇರೆ. ತುಕ್ಕು ಹಿಡಿಯದಂತೆ ಕಾರಿನ ತಗಡಿಗೆ ಸತುವಿನ ಲೇಪ ಇರುತ್ತದೆ. ಸತು 907 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ, ಉಕ್ಕು ಕರಗಲು ಸುಮಾರು 1,500 ಡಿಗ್ರಿ ಬೇಕು. ಹಾಗಾಗಿ ವೆಲ್ಡಿಂಗ್ ಶುರುವಾಯಿತೆಂದರೆ ಉಕ್ಕು ಕರಗುವ ಮೊದಲೇ ಸತು ಆವಿಯಾಗಿ ಬಿಳಿ ಹೊಗೆ ಏಳುತ್ತದೆ. ಅದನ್ನು ಕುಡಿದವನಿಗೆ ಸಂಜೆಗೋ ರಾತ್ರಿಗೋ ಚಳಿಜ್ವರ, ಮೈಕೈ ನೋವು, ಬಾಯಲ್ಲಿ ಲೋಹದ ರುಚಿ. ಒಂದೆರಡು ದಿನದಲ್ಲಿ ತಾನಾಗಿ ಇಳಿಯುತ್ತದೆ, ಫ್ಲೂ ಇರಬೇಕು ಅಂದುಕೊಂಡು ಸುಮ್ಮನಾಗುತ್ತಾರೆ. ಬೆಸುಗೆಗೆ ಮೊದಲು ಲೇಪ ಉಜ್ಜಿ ತೆಗೆಯುವುದು, ಹೊಗೆಯನ್ನು ಹುಟ್ಟಿದಲ್ಲೇ ಎಳೆದುಬಿಡುವುದು ಪರಿಹಾರ. ಹೊಗೆ ಧೂಳಿನ ಕೆಲಸ ಮಾಡುವವರು ಹಾಲು ಕುಡಿದು ಬೆಲ್ಲ ತಿನ್ನುವ ರೂಢಿ ನಮ್ಮಲ್ಲಿದೆ. ಎರಡೂ ಹೊಟ್ಟೆಗೆ ಹೋಗುತ್ತವೆ, ಹೊಗೆ ಕೂತಿರುವ ಶ್ವಾಸಕೋಶವನ್ನು ತೊಳೆಯಲಾರವು. ಪ್ರೀತಿಯಿಂದ ಕೊಡುವ ಬೆಲ್ಲವನ್ನು ಬೇಡ ಅನ್ನಬೇಕಿಲ್ಲ, ಅದನ್ನು ನಂಬಿ ಮಾಸ್ಕು ಬಿಡಬಾರದು ಅಷ್ಟೆ.

ಇನ್ನೊಂದನ್ನು ಮಾತ್ರ ಯಾರೂ ಎಂದೂ ಮಾಡಬಾರದು. ಕ್ಲೋರಿನ್ ಇರುವ ಬ್ರೇಕ್ ಕ್ಲೀನರಿನಿಂದ ಜಿಡ್ಡು ತೊಳೆದ ಭಾಗಕ್ಕೆ ವೆಲ್ಡಿಂಗ್ ಹಿಡಿದರೆ ಆ ಆವಿ ಫಾಸ್ಜೀನ್ ಆಗಬಲ್ಲದು. ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟ ವಿಷಾನಿಲ ಅದು. ಆ ಕ್ಷಣಕ್ಕೆ ಕೊಂಚ ಕೆಮ್ಮು ಬಂದು ಹೋಗಬಹುದು, ಗಂಟೆಗಳ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬಿ ಪ್ರಾಣಕ್ಕೇ ಬರುತ್ತದೆ. ಉಸಿರಾಡಿದ ಅನುಮಾನ ಬಂದರೂ ಸಾಕು, ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಮನೆಯ ಮುಂದೆ ತಾವೇ ಬಂಪರಿಗೆ ಬಣ್ಣ ಹೊಡೆಯುವ ಹುಮ್ಮಸ್ಸಿನವರು ಕೊಳ್ಳುವಾಗಲೇ ಲೇಬಲ್ ಓದಲಿ. ‘2ಕೆ’ ಎಂದಿದ್ದು, ತಳದ ಗುಂಡಿ ಒತ್ತಿ ಒಳಗೇ ಹಾರ್ಡನರ್ ಬೆರೆಸುವ ಸ್ಪ್ರೇ ಡಬ್ಬಿಯಾದರೆ ಅದರಲ್ಲೂ ಹೆಚ್ಚಾಗಿ ಐಸೊಸಯನೇಟೇ. ಅಂಥದ್ದನ್ನು ಮಕ್ಕಳು ಆಡುವ, ಅಕ್ಕಪಕ್ಕದವರ ಕಿಟಕಿ ತೆರೆದಿರುವ ಪೋರ್ಟಿಕೋದಲ್ಲಿ ಹೊಡೆಯುವಂತಿಲ್ಲ. ನೀರಿನ ಬಣ್ಣ ಎಂಬ ಮಾತಿಗೂ ಸಮಾಧಾನಪಡಬೇಡಿ, ಅದರ ಮೇಲೆ ಹೊಡೆಯುವ ಕ್ಲಿಯರ್‌ನಲ್ಲಿ ಸಾಮಾನ್ಯವಾಗಿ ಅದೇ ಹಾರ್ಡನರ್ ಇರುತ್ತದೆ.

ವೃತ್ತಿಯ ಆಸ್ತಮಾ ಎಷ್ಟೋ ಸಲ ಗ್ಯಾರೇಜಿನಲ್ಲಿ ತೋರುವುದಿಲ್ಲ. ಮನೆಗೆ ಹೋಗಿ ಮಲಗಿದ ಮೇಲೆ ಕೆಮ್ಮು, ಎದೆಯಲ್ಲಿ ಸುಂಯ್‌ಗುಡುವ ಸದ್ದು. ಹಬ್ಬಕ್ಕೆ ಊರಿಗೆ ಹೋದರೆ ಕಡಿಮೆ, ವಾಪಸು ಬಂದ ವಾರವೇ ಮತ್ತೆ ಶುರು. ಹವೆಯ ಬದಲಾವಣೆ ಎಂದು ಮನೆಯವರು ಹೇಳುತ್ತಾರೆ. ವೈದ್ಯರ ಬಳಿ ಹೋದಾಗ ತಾನು ಕಾರಿಗೆ ಬಣ್ಣ ಹೊಡೆಯುವವನು, ಹಾರ್ಡನರ್ ಬಳಸುತ್ತೇನೆ ಎಂದು ಪೇಂಟರು ಬಾಯಿಬಿಟ್ಟು ಹೇಳಬೇಕು, ಏಕೆಂದರೆ ಎಲ್ಲ ವೈದ್ಯರೂ ಕಸುಬು ಕೇಳುವುದಿಲ್ಲ. ಪೀಕ್ ಫ್ಲೋ ಮೀಟರ್ ಎಂಬ ಪ್ಲಾಸ್ಟಿಕ್ ಕೊಳವೆ ದುಬಾರಿಯದಲ್ಲ. ದಿನಕ್ಕೆ ನಾಲ್ಕು ಸಲ ಜೋರಾಗಿ ಊದಿ, ಮುಳ್ಳು ನಿಂತ ಅಂಕಿಯನ್ನು ಕೆಲಸದ ದಿನ, ರಜೆಯ ದಿನ ಎರಡರಲ್ಲೂ ಕೆಲವು ವಾರ ಬರೆದಿಟ್ಟರೆ, ಕೆಲಸದ ದಿನ ತಗ್ಗಿ ರಜೆಯಲ್ಲಿ ಏರುವ ಲೆಕ್ಕ ವೈದ್ಯರ ಕಣ್ಣಿಗೆ ಬೀಳುತ್ತದೆ. ಬೇಗ ಪತ್ತೆಯಾಗಿ ಹಾರ್ಡನರ್ ಮಂಜಿನಿಂದ ಪೂರ್ತಿ ದೂರವಾದವರಲ್ಲಿ ಹಲವರು ಚೇತರಿಸಿಕೊಳ್ಳುತ್ತಾರೆ. ಕೆಮ್ಮುತ್ತಲೇ ವರ್ಷಗಟ್ಟಲೆ ಮುಂದುವರಿಸಿದವರಿಗೆ ಕಸುಬು ಬಿಟ್ಟ ಮೇಲೂ ಆಸ್ತಮಾ ಉಳಿದುಬಿಡುವುದುಂಟು.