ದಾದಿಯಾಗಲಿರುವವಳಿಗೆ ಬಿಡುವಿನ ಕೆಲಸ ಯಾವುದು?

ಬೆಳಗಿನ ಜಾವ ಐದೂವರೆಗೆ ಎದ್ದು, ಕೂದಲನ್ನು ಬಿಗಿಯಾಗಿ ಗಂಟುಹಾಕಿ, ಇಸ್ತ್ರಿ ಮಾಡಿದ ಸಮವಸ್ತ್ರ ತೊಟ್ಟು ವಾರ್ಡಿಗೆ ಓಡುವ ಹುಡುಗಿಯರನ್ನು ಬೆಂಗಳೂರು, ಮಂಗಳೂರು, ಹುಬ್ಬಳ್ಳಿಗಳ ಆಸ್ಪತ್ರೆಯ ಬೀದಿಗಳಲ್ಲಿ ವಾಚಕರು ಕಂಡಿರಬಹುದು. ಅವರಲ್ಲಿ ಎಷ್ಟೋ ಮಂದಿ ಅನುಕೂಲಸ್ಥರ ಮನೆಯವರಲ್ಲ. ಕಾಲೇಜಿನ ಶುಲ್ಕವನ್ನು ತಂದೆ ಸಾಲ ಮಾಡಿಯೋ, ತಾಯಿ ಓಲೆ ಅಡವಿಟ್ಟೋ ಹೇಗೋ ಹೊಂದಿಸಿರುತ್ತಾರೆ. ಆದರೆ ಹಾಸ್ಟೆಲಿನ ಊಟ, ಪುಸ್ತಕ, ಬಸ್ಸಿನ ಖರ್ಚು, ಸವೆದುಹೋದ ಬಿಳಿಯ ಬೂಟು, ಇವಕ್ಕೆಂದು ತಿಂಗಳ ಕೊನೆಯಲ್ಲಿ ಮತ್ತೆ ಊರಿಗೆ ಫೋನು ಮಾಡಬೇಕಾದಾಗ ನಾಲಗೆ ಏಳುವುದಿಲ್ಲ. ನಾಲ್ಕು ಕಾಸು ನಾನೇ ಏಕೆ ದುಡಿಯಬಾರದು ಎಂಬ ಯೋಚನೆ ಹುಟ್ಟುವುದು ಆಗಲೇ. ಯೋಚನೆಯೇನೋ ಒಳ್ಳೆಯದೇ. ಆದರೆ ಯಾವ ಕೆಲಸ?

ಬಿ.ಎ. ಓದುವವಳಂತೆ ಇವಳು ಮಧ್ಯಾಹ್ನದ ತರಗತಿಗೆ ಚಕ್ಕರ್ ಹೊಡೆದು ದುಡಿಯುವಂತಿಲ್ಲ. ಭಾರತೀಯ ನರ್ಸಿಂಗ್ ಪರಿಷತ್ತು 2021ರಲ್ಲಿ ಪರಿಷ್ಕರಿಸಿದ ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮದಲ್ಲಿ ನಾಲ್ಕು ವರ್ಷಕ್ಕೆ ಎಂಟು ಸೆಮಿಸ್ಟರುಗಳು. ವಾರಕ್ಕೆ 40 ಗಂಟೆಗಳ ಕಲಿಕೆ. ಕೊನೆಯ ಇಂಟರ್ನ್‌ಶಿಪ್ಪಿನಲ್ಲಿ ಅದು 48 ಗಂಟೆಗೆ ಏರುತ್ತದೆ. ಪರೀಕ್ಷೆಗೆ ಕೂರಲು ಶೇಕಡ 80ರ ಹಾಜರಿ ಸಾಕು. ಆದರೆ ಪದವಿ ಕೈಗೆ ಬರಬೇಕಾದರೆ ವಾರ್ಡಿನ ಕೆಲಸದಲ್ಲಿ ಶೇಕಡ 100 ತುಂಬಿಸಲೇಬೇಕು. ತಪ್ಪಿಸಿಕೊಂಡ ಒಂದೊಂದು ದಿನವೂ ಸಾಲದಂತೆ ಬೆನ್ನ ಮೇಲೆ ಕುಳಿತಿರುತ್ತದೆ.

1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನೈಟಿಂಗೇಲ್ ಶಾಲೆ ಆರಂಭವಾದಾಗ ಕಲಿಯುವ ಹುಡುಗಿಗೆ ಊಟ, ವಸತಿ, ಉಡುಪುಗಳಲ್ಲದೆ ವರ್ಷಕ್ಕೆ 10 ಪೌಂಡು ಕೈಗೆ ಬರುತ್ತಿತ್ತು. ದುಡಿಮೆಯೂ ವಿದ್ಯೆಯೂ ಒಂದೇ ವಾರ್ಡಿನೊಳಗೆ ಇದ್ದವು. ಇಂದಿನವಳು ವಾರ್ಡಿನಲ್ಲಿ ದುಡಿಯುತ್ತಾಳೆ, ಶುಲ್ಕವನ್ನೂ ಕಟ್ಟುತ್ತಾಳೆ. ಇದು ನ್ಯಾಯವೇ ಎಂಬುದು ಬೇರೆಯೇ ಚರ್ಚೆ.

ನನ್ನ ಪರಿಚಯದ ಒಬ್ಬ ಹುಡುಗಿಯ ಸಂಗತಿಯನ್ನು ಇಲ್ಲಿ ಹೇಳಬೇಕು. ಎರಡನೆಯ ವರ್ಷದಲ್ಲಿ ಅವಳು ಒಂದು ಏಜೆನ್ಸಿಯ ಮೂಲಕ ರಾತ್ರಿಯ ಕೆಲಸ ಹಿಡಿದಳು. ವಾರಕ್ಕೆ ಮೂರು ರಾತ್ರಿ ಒಬ್ಬ ವೃದ್ಧರ ಬಳಿ ಇರುವುದು, ನೀರು ಕೊಡುವುದು, ಬಚ್ಚಲಿಗೆ ಕೈಹಿಡಿದು ಕರೆದೊಯ್ಯುವುದು. ಸಂಬಳ ಚೆನ್ನಾಗಿತ್ತು. “ಕಾಲೇಜಿನ ಸಮವಸ್ತ್ರದಲ್ಲೇ ಹೋಗಮ್ಮ, ಮನೆಯವರಿಗೆ ಧೈರ್ಯ ಬರುತ್ತದೆ” ಎಂದು ಏಜೆನ್ಸಿಯವರು ಹೇಳಿದ್ದರು. ಆ ಮಾತಿನ ಅರ್ಥ ಅವಳಿಗೆ ಆಗ ಹೊಳೆಯಲಿಲ್ಲ.

ಮೂರನೆಯ ವಾರ ಒಂದು ರಾತ್ರಿ ಮನೆಯ ಮಗ ಹೊಸ ಇನ್ಸುಲಿನ್ ಸೀಸೆಯನ್ನು ತಂದು ಅವಳ ಮುಂದಿಟ್ಟರು.

“ಹತ್ತು ಯೂನಿಟ್ ಕೊಟ್ಟುಬಿಡಿ ಸಿಸ್ಟರ್. ದಿನಾ ಕೊಡುತ್ತಿದ್ದ ನನ್ನ ಹೆಂಡತಿ ಊರಿಗೆ ಹೋಗಿದ್ದಾಳೆ.”

ಮನೆಯಲ್ಲಿದ್ದದ್ದು ಕೆಂಪು ಮುಚ್ಚಳದ ಸಿರಿಂಜು. ಮಿಲಿಲೀಟರಿಗೆ 40 ಯೂನಿಟ್ ಇರುವ ಔಷಧಕ್ಕೆ ತಕ್ಕದ್ದು. ಹೊಸ ಸೀಸೆಯ ಮೇಲೆ 100 ಎಂದಿತ್ತು. ಅದಕ್ಕೆ ಕಿತ್ತಳೆ ಮುಚ್ಚಳದ ಸಿರಿಂಜು ಬೇಕು. ಕೆಂಪು ಸಿರಿಂಜಿನಲ್ಲಿ ಹತ್ತರ ಗೆರೆಯವರೆಗೆ ಎಳೆದಿದ್ದರೆ ವೃದ್ಧರ ಮೈಗೆ ಸೇರುತ್ತಿದ್ದದ್ದು ಹತ್ತಲ್ಲ, ಇಪ್ಪತ್ತೈದು ಯೂನಿಟ್. ನಿದ್ದೆಯಲ್ಲಿಯೇ ರಕ್ತದ ಸಕ್ಕರೆ ಕುಸಿದು ಪ್ರಾಣಕ್ಕೇ ಎರವಾಗಬಹುದಾದ ಪ್ರಮಾಣ ಅದು.

“ನಾನಿನ್ನೂ ಓದುತ್ತಿದ್ದೇನೆ ಸಾರ್. ಡಾಕ್ಟರನ್ನು ಕೇಳದೆ ಚುಚ್ಚುವುದಿಲ್ಲ” ಎಂದಳು ಹುಡುಗಿ.

“ನೀವು ನರ್ಸಲ್ಲವೇ? ಅದಕ್ಕೇ ತಾನೆ ಅಷ್ಟು ದುಡ್ಡು ಕೊಡುತ್ತಿರುವುದು!”

ವೈದ್ಯರಿಗೆ ಫೋನು ಹೋಯಿತು, ಸಿರಿಂಜು ಬದಲಾಯಿತು, ವೃದ್ಧರು ಉಳಿದರು. ಅವಳ ಕೆಲಸ ಉಳಿಯಲಿಲ್ಲ. “ಅಕ್ಕ, ಅಂದು ಬೆಳಿಗ್ಗೆಯಿಂದ ವಾರ್ಡಿನಲ್ಲಿ ನಿಂತಿದ್ದೆ. ಇನ್ನೊಂದು ಗಂಟೆ ಕಳೆದಿದ್ದರೆ ಮುಚ್ಚಳದ ಬಣ್ಣ ನನ್ನ ಕಣ್ಣಿಗೆ ಬೀಳುತ್ತಿತ್ತೋ ಇಲ್ಲವೋ” ಎಂದು ಅವಳು ಆಮೇಲೆ ನನ್ನೊಡನೆ ಹೇಳಿದಳು.

ಅದು ಉತ್ಪ್ರೇಕ್ಷೆಯ ಮಾತಲ್ಲ. 17 ಗಂಟೆ ಎಚ್ಚರವಿದ್ದವನ ಕೈಚಳಕ, ರಕ್ತದಲ್ಲಿ ಶೇಕಡ 0.05ರಷ್ಟು ಮದ್ಯಸಾರವಿರುವವನ ಮಟ್ಟಕ್ಕೆ ಇಳಿಯುತ್ತದೆಂದು 1997ರಲ್ಲಿ ಆಸ್ಟ್ರೇಲಿಯದ ಡಾಸನ್ ಮತ್ತು ರೀಡ್ ತೋರಿಸಿಕೊಟ್ಟರು. ಐದೂವರೆಗೆ ಎದ್ದವಳಿಗೆ ರಾತ್ರಿ ಹತ್ತೂವರೆಗೆ 17 ಗಂಟೆ ತುಂಬುತ್ತದೆ!

ಮನೆಯವರೇ ಇನ್ಸುಲಿನ್ ಕೊಟ್ಟುಕೊಳ್ಳುವುದಿಲ್ಲವೇ ಎಂದು ಕೇಳಬಹುದು. ಕೊಡುತ್ತಾರೆ, ವೈದ್ಯರಿಂದ ಕಲಿತು ಕೊಡುತ್ತಾರೆ. ಆದರೆ ‘ನರ್ಸು’ ಎಂಬ ಹೆಸರಿಗೆ ಹಣ ಪಡೆದು ಸೂಜಿ ಹಿಡಿಯುವುದು ಬೇರೆ ಮಾತು. ಪದವಿ ಪಡೆದು ರಾಜ್ಯದ ನರ್ಸಿಂಗ್ ಪರಿಷತ್ತಿನಲ್ಲಿ ಹೆಸರು ನೋಂದಾಯಿಸುವವರೆಗೆ ಆ ಹೆಸರು ಅವಳದಲ್ಲ. ವಾರ್ಡಿನಲ್ಲಿ ತಪ್ಪಿದರೆ ತಿದ್ದಲು ಹಿಂದೆ ಉಪಾಧ್ಯಾಯಿನಿ ನಿಂತಿರುತ್ತಾರೆ. ಪರರ ಮನೆಯ ನಡುರಾತ್ರಿಯಲ್ಲಿ ಯಾರೂ ಇರುವುದಿಲ್ಲ. ಕಡಿಮೆ ಸಂಬಳಕ್ಕೆ ವಿದ್ಯಾರ್ಥಿನಿಯನ್ನೇ ರಾತ್ರಿ ಪಾಳಿಯ ನರ್ಸೆಂದು ನಿಲ್ಲಿಸಬಯಸುವ ನರ್ಸಿಂಗ್ ಹೋಮಿಗೂ ಇದೇ ಮಾತು ಸಲ್ಲುತ್ತದೆ.

ಹಾಗೆಂದು ರೋಗಿಯ ಸೇವೆಯ ಕೆಲಸವೇ ಬೇಡವೆಂದಲ್ಲ. ವೃದ್ಧಾಶ್ರಮದಲ್ಲಿ ಭಾನುವಾರ ಹಗಲು ಉಣ್ಣಿಸುವುದು, ತಲೆ ಬಾಚುವುದು, ಪತ್ರಿಕೆ ಓದಿ ಹೇಳುವುದು, ಇವು ಕಲಿಸುವಷ್ಟು ತಾಳ್ಮೆಯನ್ನು ಪುಸ್ತಕ ಕಲಿಸದು. ‘ಸಹಾಯಕಿ’ ಎಂದೇ ಬರವಣಿಗೆಯಲ್ಲಿರಲಿ, ಔಷಧದ ಪೆಟ್ಟಿಗೆ ಬೇರೊಬ್ಬರ ವಶದಲ್ಲಿರಲಿ, ಸಮವಸ್ತ್ರ ಹಾಸ್ಟೆಲಿನಲ್ಲೇ ಇರಲಿ. ಔಷಧದಂಗಡಿಯಲ್ಲಿ ಬಿಲ್ಲು ಬರೆಯಬಹುದು. ವೈದ್ಯರ ಚೀಟಿಯಂತೆ ಔಷಧ ಕೊಡುವುದು ನೋಂದಾಯಿತ ಫಾರ್ಮಸಿಸ್ಟರ ಹೊಣೆ. ರಾತ್ರಿಯ ಕಾಲ್ ಸೆಂಟರನ್ನಂತೂ ನಾನು ಯಾರಿಗೂ ಹೇಳಲಾರೆ.

ಎಲ್ಲಕ್ಕಿಂತ ನನಗೆ ಒಪ್ಪಿಗೆಯಾದದ್ದು ಸಂಜೆಯ ಮನೆಪಾಠ. ಹೈಸ್ಕೂಲು ಮಕ್ಕಳಿಗೆ ಹೃದಯದ ನಾಲ್ಕು ಕೋಣೆಗಳನ್ನು ಬಿಡಿಸಿ ತೋರಿಸುವವಳಿಗೆ ತನ್ನ ಪಾಠವೂ ಗಟ್ಟಿಯಾಗುತ್ತದೆ. ಇನ್ನೊಂದು ದಾರಿಯೂ ಉಂಟು. ನಮ್ಮ ನರ್ಸಿಂಗ್ ಕಾಲೇಜುಗಳಲ್ಲಿ ಕೇರಳದಿಂದ ಬಂದವರು ಬಹಳ. “ತಲೆ ಧಿಮ್ಮೆನ್ನುತ್ತದೆ”, “ಹೊಟ್ಟೆ ತೊಳಸುತ್ತದೆ”, “ಕೈಕಾಲು ಜೋಮು ಹಿಡಿದಿದೆ” ಎಂದು ಅಜ್ಜಿಯೊಬ್ಬಳು ಹೇಳಿದರೆ ಅವರು ಕಂಗಾಲಾಗುತ್ತಾರೆ. ಅಂಥವರ ಗುಂಪಿಗೆ ವಾರಕ್ಕೆರಡು ದಿನ ವಾರ್ಡಿನ ಕನ್ನಡ ಕಲಿಸಿ ಅಲ್ಪ ಶುಲ್ಕ ಪಡೆದರೆ ನಾಚಿಕೆಪಡಬೇಕಾದದ್ದೇನೂ ಇಲ್ಲ.

ಒಟ್ಟಿನಲ್ಲಿ ವಾರಕ್ಕೆ ಎಂಟು ಹತ್ತು ಗಂಟೆ ಮೀರದಿರಲಿ. ಪರೀಕ್ಷೆಯ ತಿಂಗಳಲ್ಲಿ ಬಿಡುವು ಕೊಡುವರೇ ಎಂದು ಮೊದಲೇ ಕೇಳಿಕೊಳ್ಳಲಿ. ಪ್ರಾಂಶುಪಾಲರಿಗೂ ವಾರ್ಡನ್ನರಿಗೂ ತಿಳಿಸಿಯೇ ಹೊರಡಲಿ. ಮುಚ್ಚಿಟ್ಟು ಮಾಡುವ ಕೆಲಸದಲ್ಲಿ ಸಂಬಳ ನಿಂತರೆ ಕೇಳುವವರೂ ಇರುವುದಿಲ್ಲ.

ಆ ಹುಡುಗಿ ಈಗ ಹಾಸ್ಟೆಲಿನ ಹಿಂದಿನ ಬೀದಿಯಲ್ಲಿ ಇಬ್ಬರು ಮಕ್ಕಳಿಗೆ ಸಂಜೆ ಆರರಿಂದ ಏಳೂವರೆಯವರೆಗೆ ಪಾಠ ಹೇಳುತ್ತಾಳೆ. ಬರುವ ಹಣ ಹಿಂದಿನದರ ಅರ್ಧವೂ ಇಲ್ಲ. ಹೊಸ ಬೂಟು ಕೊಳ್ಳುವುದು ಎರಡು ತಿಂಗಳು ತಡವಾಯಿತೆಂದು ನಕ್ಕಳು. ಹತ್ತು ಗಂಟೆಗೆ ಮಲಗುತ್ತಾಳಂತೆ.